ಎಣ್ಣೆ ಡಬ್ಬಿಯ ಮೇಲಿನ ಅಣ್ಣನಿಗೆ

ಕೈಗವಸು, ಮುಸುಕು, ಕಣ್ಣಿಗೆ ಕನ್ನಡಕ, ಮೊಣಕಾಲ ತನಕ ಬೂಟು ತೊಟ್ಟು ನಾವು ಎಣ್ಣೆ ಎನ್ನುವ ಕ್ರಿಮಿನಾಶಕದ ಚೀಟಿಯಲ್ಲಿ ನಗುನಗುತ್ತಾ ನಿಂತಿರುವ ಅಣ್ಣಾ,

ಗೊರೇಬಾಳದ ಭತ್ತ ಹಚ್ಚುವ ಹೆಣ್ಣಾಳುಗಳ ಶರಣು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗಲೆಲ್ಲ ನಿಮ್ಮ ನೆನಪಾಗುತ್ತದೆ. ಸಿಂಧನೂರಿನಿಂದ ಡಬ್ಬಿ ಬಂದಾಗ ನೀವೂ ಬರುತ್ತೀರಿ, ನಿಮ್ಮ ಬೂಟು ಮಾತ್ರ ಬರುವುದಿಲ್ಲ. ಬಂದರೂ ನಮ್ಮ ಕೆಸರು ಅದನ್ನು ಕಚ್ಚಿ ಇಟ್ಟುಕೊಳ್ಳುತ್ತದೆ, ಆ ಮಾತು ಬೇರೆ.

ಪಂಪು ಹೊರುವವರು ಗಂಡಸರು, ಹಾಗಾಗಿ ಚಿತ್ರದಲ್ಲಿ ನೀವೇ ಇದ್ದೀರಿ. ನೀರು ಹೊತ್ತು ಕೊಡುವವಳು, ಯೂರಿಯಾಕ್ಕೆ ಹರಳು ಔಷಧಿ ಬರಿಗೈಲಿ ಕಲಸುವವಳು, ಮರುದಿನ ಅದೇ ಮಡಿಯಲ್ಲಿ ಬಗ್ಗಿ ಕಳೆ ಕೀಳುವವಳು, ಎಣ್ಣೆ ನೆನೆದ ಅಂಗಿ ಒಗೆಯುವವಳು, ಇವರಾರೂ ಇಲ್ಲ. ಚೀಟಿಯಲ್ಲಿ ಜಾಗ ಸಾಲಲಿಲ್ಲವೇನೋ. ಆರ್ಗನೋಫಾಸ್ಫೇಟ್ ಜಾತಿಯ ವಿಷಕ್ಕೆ ಆ ಭೇದ ಗೊತ್ತಿಲ್ಲ, ಚರ್ಮದಿಂದಲೂ ಒಳಗಿಳಿಯುತ್ತದೆ. ಬೆವರು, ವಾಂತಿ, ಬಾಯಲ್ಲಿ ನೀರು, ತಲೆಸುತ್ತು. ಬಿಸಿಲು ಬಡಿದಿದೆ ಎಂದು ಮಜ್ಜಿಗೆ ಕುಡಿದು ಮತ್ತೆ ಸಾಲಿಗೆ ನಿಲ್ಲುತ್ತೇವೆ. ಎಕರೆ ಲೆಕ್ಕದ ಗುತ್ತಿಗೆ. ಒಬ್ಬಳು ಬದುವಿಗೆ ಕೂತರೆ ಅವಳ ಸಾಲು ಉಳಿದವರ ಸೊಂಟದ ಮೇಲೆ.

ಸೊಂಟದ ಮಾತು ಬಿಡಿ, ಅದನ್ನು ದೇವರು ಬಗ್ಗಲೆಂದೇ ಕೊಟ್ಟನಂತೆ. ಕೆಸರಲ್ಲಿ ನಿಂತು ಕಾಲ್ಬೆರಳ ಸಂದು ಕೊಳೆತು ಬಿರಿಯುತ್ತದೆ. ಆ ಬಿರುಕಿನಿಂದಲೇ ಇಲಿಯ ಉಚ್ಚೆ ಬೆರೆತ ನೀರು ಹೊಕ್ಕು ಇಲಿಜ್ವರ ತರಬಹುದು. ಇನ್ನು, ದಿನವಿಡೀ ನೀರಲ್ಲಿ ನಿಂತರೂ ನಾವು ನೀರು ಕುಡಿಯುವುದೇ ಕಡಿಮೆ, ಏಕೆಂದರೆ ಬಯಲು ಗದ್ದೆಯಲ್ಲಿ ಮರೆ ಎಲ್ಲಿದೆ? ಉರಿಮೂತ್ರ ಎಂದರೆ ವೈದ್ಯರು 'ನೀರು ಜಾಸ್ತಿ ಕುಡೀರಿ' ಎನ್ನುತ್ತಾರೆ. ಕೇಳಿ ನಗು ಬರುತ್ತದೆ.

ಕಾನೂನಿಗೇನೂ ಬರವಿಲ್ಲ. 1971ರ ಕೀಟನಾಶಕ ನಿಯಮಗಳಲ್ಲಿ ರಕ್ಷಣಾ ಉಡುಪು, ತರಬೇತಿ, ವೈದ್ಯಕೀಯ ತಪಾಸಣೆ ಎಲ್ಲವೂ ಇವೆ. ಹೊಲದ ಕೆಲಸಗಾರರ ಸುರಕ್ಷತೆಗೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2001ರಲ್ಲೇ 184ನೇ ಒಡಂಬಡಿಕೆ ತಂದಿತು. ಗರ್ಭಿಣಿ, ಬಾಣಂತಿಯರ ಮಾತೂ ಅದರಲ್ಲಿದೆ. ಭಾರತ ಅದನ್ನು ಅನುಮೋದಿಸಿಲ್ಲ. 2017ರಿಂದ ಕಚೇರಿಯ ತಾಯಂದಿರಿಗೆ ಮೊದಲೆರಡು ಹೆರಿಗೆಗೆ 26 ವಾರ ಸಂಬಳದ ರಜೆ. ಅವರಿಗೆ ಸಿಕ್ಕಿದ್ದು ಒಳ್ಳೆಯದೇ. ನಮ್ಮಲ್ಲಿ ಬಸುರಿಗೆ ಸಿಗುವ ರಿಯಾಯಿತಿ ಎಂದರೆ 'ನೀ ಸಸಿ ಕೀಳು, ಹಚ್ಚಬ್ಯಾಡ' ಎನ್ನುವ ಜೊತೆಗಾತಿಯ ಮಾತು. ಸಸಿ ಕೀಳುವುದೂ ಬಗ್ಗಿಯೇ.

ನೀವು ದೊಡ್ಡವರ ಸಹವಾಸದಲ್ಲಿರುವವರು, ಕಂಪನಿಯವರ ಕಿವಿಗೆ ಇಷ್ಟು ಹಾಕಿ. ಡಬ್ಬಿ ಮಾರುವಾಗಲೇ ಹೆಣ್ಣಿನ ಅಳತೆಯ ಕೈಗವಸು ಕೊಡಲಿ. ಎಷ್ಟು ದಿನ ಮಡಿಗೆ ಇಳಿಯಬಾರದೆಂದು ಓದಲಾಗುವಷ್ಟು ದಪ್ಪ ಕನ್ನಡ ಅಕ್ಷರದಲ್ಲಿ ಬರೆಯಲಿ. ಎಣ್ಣೆ ಹೊಡೆದ ಹೊಲದ ಬದುವಿಗೆ ಮಾಲೀಕರು ಕೆಂಪು ಬಟ್ಟೆ ಕಟ್ಟಲಿ. ಆರೋಗ್ಯ ಇಲಾಖೆಯವರು ಸುಗ್ಗಿ ಮುಗಿದ ಮೇಲೆ ಶಿಬಿರ ಹಾಕುವುದು ಬಿಟ್ಟು, ನಾಟಿ ನಡೆಯುವಾಗ ಗದ್ದೆಯ ಹತ್ತಿರ ಬರಲಿ.

ಇತಿ,
ಗೊರೇಬಾಳದ ನಾಟಿ ಹೆಣ್ಣಾಳುಗಳು