ಕಿಕ್ಕರ್ ಹುದ್ದೆಗೆ ಗೇರಿನ ಹೆಚ್ಚುವರಿ ಪ್ರಭಾರ

ಇವರಿಂದ: ಒಬ್ಬ ನಿವೃತ್ತ ಪ್ರಥಮ ದರ್ಜೆ ಸಹಾಯಕ, ಮೈಸೂರು

ಇವರಿಗೆ: ಶ್ರೀ ಕಿಕ್ಕರ್ ಯಾನೆ ಗೇರ್ ಲಿವರ್, ಇಂಜಿನ್ನಿನ ಎಡಭಾಗ, 1985ನೇ ಮಾಡಲ್ ಯೆಜ್ಡಿ ರೋಡ್‌ಕಿಂಗ್

ವಿಷಯ: ಮಾಲೀಕರ ಕಾಲಿಗೆ ತಿರುಗಿ ಒದ್ದ ಬಗ್ಗೆ ಕಾರಣ ಕೇಳಿ ನೋಟಿಸ್

ಉಲ್ಲೇಖ: ಕಳೆದ ಭಾನುವಾರ ಬೆಳಿಗ್ಗೆ 7ರ ಸುಮಾರಿಗೆ ತಾವು ದಯಪಾಲಿಸಿದ ಏಟು

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಯಪಡಿಸುವುದೇನೆಂದರೆ, ನನ್ನ ಮೊಣಕಾಲಿನ ಕೆಳಗೆ ಈಗ ಒಳ್ಳೆ ಬದನೆಕಾಯಿ ಬಣ್ಣ ಬಂದಿದೆ. ಇದನ್ನು ಮನೆಯೊಳಗೇ ಬಗೆಹರಿಸಿಕೊಳ್ಳಬಹುದಿತ್ತು. ಆದರೆ ತಾವು ಒದ್ದದ್ದು ಬೀದಿಯಲ್ಲಿ, ಹಾಲಿನವನ ಎದುರಿಗೆ, ವಾಕಿಂಗ್ ಹೊರಟ ನಾಲ್ಕು ಜನ ಹಿರಿಯರ ಸಮಕ್ಷಮ. ಆದ್ದರಿಂದ ಪತ್ರವೂ ಬಹಿರಂಗ.

ತಮ್ಮ ಸೇವಾ ಪುಸ್ತಕವನ್ನು ತೆಗೆದು ನೋಡಿದೆ. ತಮ್ಮ ವಂಶದವರು 1961ರಿಂದ ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟುತ್ತಾ ಬಂದವರು. ಮೊದಲು ಜಾವಾ ಅನ್ನುವ ಹೆಸರು, ಎಪ್ಪತ್ತರ ದಶಕದಿಂದ ಯೆಜ್ಡಿ. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಹೆತ್ತ ಇಲಾಖೆಯೇ ಮುಚ್ಚಿಹೋದರೂ ಡ್ಯೂಟಿ ಬಿಡದವರು ಅಂತ ತಮ್ಮ ಮೇಲೆ ನನಗೆ ಗೌರವವಿತ್ತು. ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ನನ್ನನ್ನು 60 ತುಂಬಿದ ತಿಂಗಳೇ ಶಾಲು ಹೊದಿಸಿ, ಏಲಕ್ಕಿ ಹಾರ ಹಾಕಿ ಗೇಟಿನ ಹೊರಗೆ ಬಿಟ್ಟರು. ತಮ್ಮ ಗಾಡಿಗೋ ಮೊದಲು 15 ವರ್ಷದ ನೋಂದಣಿ, ಆಮೇಲೆ ಐದೈದು ವರ್ಷದ ವಿಸ್ತರಣೆ. ಪ್ರತಿ ಸಲವೂ ಅರ್ಜಿ ಹಿಡಿದು ಸಾಲಿನಲ್ಲಿ ನಿಂತವನು ನಾನು.

ಇನ್ನು ತಮ್ಮ ಕೆಲಸದ ಸ್ವರೂಪ. ಬೇರೆ ಗಾಡಿಗಳಲ್ಲಿ ಕಿಕ್ಕರ್ ಒಬ್ಬರು, ಗೇರ್ ಇನ್ನೊಬ್ಬರು. ತಮ್ಮಲ್ಲಿ ಎರಡೂ ಹುದ್ದೆ ಒಬ್ಬರಿಗೇ. ಒಳಕ್ಕೆ ಒತ್ತಿ, ಹಿಂದಕ್ಕೆ ತಿರುಗಿಸಿ ಎತ್ತಿ ನಿಲ್ಲಿಸಿದರೆ ಕಿಕ್ಕರ್; ಗಾಡಿ ಸ್ಟಾರ್ಟ್ ಆದಮೇಲೆ ಮುಂದಕ್ಕೆ ಮಲಗಿಸಿದರೆ ಗೇರ್. ಸಾಲದ್ದಕ್ಕೆ, ಗೇರ್ ಬದಲಿಸುವಾಗ ಒಳಗಿನಿಂದ ಕ್ಲಚ್ಚನ್ನು ತಾವೇ ಬಿಡಿಸಿಕೊಡುತ್ತೀರಿ, ಅಂದರೆ ಮೂರನೇ ಮೇಜಿನ ಕಡತವೂ ತಮ್ಮಲ್ಲೇ. ನಾನೂ ಒಂಬತ್ತು ವರ್ಷ ಸ್ಥಾಪನಾ ಶಾಖೆಯ ಜೊತೆಗೆ ಉಗ್ರಾಣದ ಪ್ರಭಾರ ಹೊತ್ತವನು. ‘ಹೊಸಬರು ಬರುವವರೆಗೆ’ ಅಂದಿದ್ದರು. ಭತ್ಯೆ ಬರಲಿಲ್ಲ, ಹೊಸಬರೂ ಬರಲಿಲ್ಲ. ಆದರೆ ಒಂದು ದಿನವಾದರೂ ನಾನು ಮೇಲಧಿಕಾರಿಗಳನ್ನು ಒದೆಯಲಿಲ್ಲ. (ಮನಸ್ಸಿನಲ್ಲಿ ಒದ್ದದ್ದು ಸೇವಾ ನಿಯಮದ ವ್ಯಾಪ್ತಿಗೆ ಬರುವುದಿಲ್ಲ.)

ನಾನು ತಮಗೆ ಏನು ಕಡಿಮೆ ಮಾಡಿದ್ದೆ? ತಮ್ಮ ಹಲ್ಲು ಸವೆದು ಶಾಫ್ಟಿನ ಮೇಲೆ ಜಾರತೊಡಗಿದಾಗ ಪೌಡರ್ ಡಬ್ಬಿಯ ತಗಡು ಕತ್ತರಿಸಿ, ಬೆರಳನ್ನೂ ಕತ್ತರಿಸಿಕೊಂಡು, ಸುತ್ತಿ ಬಿಗಿ ಮಾಡಿದೆ. ಶಾಫ್ಟಿನ ಆಯಿಲ್ ಸೀಲನ್ನು ನಾನೇ ಸೊಟ್ಟಗೆ ಕೂರಿಸಿದ್ದರಿಂದ ಅಲ್ಲಿಂದ ಆಯಿಲ್ ತೊಟ್ಟಿಕ್ಕುತ್ತದೆ. ಬಾಗಿಲ ಮುಂದಿನ ರಂಗೋಲಿಯಲ್ಲಿ ದಿನಾ ಒಂದು ಚುಕ್ಕಿ ಹೆಚ್ಚು. ನನ್ನವಳು ಅದನ್ನೂ ಸೇರಿಸಿಕೊಂಡು ಎಳೆ ಎಳೆಯುವುದನ್ನು ಕಲಿತಿದ್ದಾಳೆ. ಬಂಕಿನಲ್ಲಿ ಪೆಟ್ರೋಲ್ ಲೀಟರಿಗೆ 40 ಮಿ.ಲೀ. ಲೆಕ್ಕದಲ್ಲಿ ಟೂ-ಟಿ ಆಯಿಲ್ ಸುರಿದು, ಬೆರೆಯಲೆಂದು ಗಾಡಿಯನ್ನು ತಬ್ಬಿಕೊಂಡು ಆ ಕಡೆ ಈ ಕಡೆ ಅಲ್ಲಾಡಿಸುತ್ತೇನೆ. ಹಿಂದೆ ಸಾಲಿನಲ್ಲಿರುವ ಹುಡುಗರು ಮೈಮೇಲೆ ದೇವರು ಬಂದವನನ್ನು ನೋಡಿದ ಹಾಗೆ ನೋಡುತ್ತಾರೆ. ಸಹಿಸಿದ್ದೇನೆ.

ಮಗ ‘ಅಪ್ಪಾ, ಗುಜರಿಗೆ ಹಾಕು’ ಅಂದಾಗಲೂ ನಾನು ತಮ್ಮ ಪರವೇ ಟಿಪ್ಪಣಿ ಬರೆದೆ. ಅವನ ಗಾಡಿಗೆ ಕಿಕ್ಕರೇ ಇಲ್ಲ. ಆ ಹುದ್ದೆಯನ್ನೇ ರದ್ದು ಮಾಡಿ ಕೆಲಸವನ್ನು ಬ್ಯಾಟರಿಗೆ ಒಪ್ಪಿಸಿದ್ದಾರೆ. ಆಷಾಢದ ಒಂದು ಬೆಳಿಗ್ಗೆ ಬ್ಯಾಟರಿ ರಜೆ ಹಾಕಿತು. ಗುಂಡಿ ಒತ್ತಿದರೆ ಒಳಗೆ ಹಲ್ಲಿ ಲೊಚಗುಟ್ಟಿದ ಸದ್ದು, ಅಷ್ಟೇ. ಅಪ್ಪ ಮಗ ಇಬ್ಬರೂ ಇಳಿಜಾರಿನಲ್ಲಿ ತಳ್ಳಿದೆವು, ಜಪ್ಪಯ್ಯ ಅನ್ನಲಿಲ್ಲ. ಅವತ್ತು ಅವನನ್ನು ಹಿಂದೆ ಕೂರಿಸಿಕೊಂಡು, ನೀಲಿ ಹೊಗೆ ಬಿಡುತ್ತಾ ಆಫೀಸಿಗೆ ಮುಟ್ಟಿಸಿದ್ದು ನಾವಿಬ್ಬರು. ಅವನು ಗೇಟಿಗಿಂತ ನೂರು ಗಜ ಮೊದಲೇ ಇಳಿದುಕೊಂಡ ಅನ್ನುವುದು ಬೇರೆ ಮಾತು.

ಇಷ್ಟೆಲ್ಲ ಇದ್ದೂ ಭಾನುವಾರ ಕಾರ್ಬ್ಯುರೇಟರಿನ ಟಿಕ್ಲರ್ ಒತ್ತಿ, ಬೆರಳಿಗೆ ಪೆಟ್ರೋಲ್ ತಾಗಿದ್ದು ನೋಡಿಕೊಂಡು, ಕ್ರಮಬದ್ಧವಾಗಿ ಒದ್ದರೆ ತಾವು ಅಷ್ಟೇ ಕ್ರಮಬದ್ಧವಾಗಿ ವಾಪಸ್ ಒದ್ದಿರಿ. ಹವಾಯಿ ಚಪ್ಪಲಿ ಹಾರಿ ಎದುರುಮನೆಯ ಕಾಂಪೌಂಡಿಗೆ ಬಿತ್ತು. ಈ ನೋಟಿಸ್ ತಲುಪಿದ ಏಳು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡದಿದ್ದಲ್ಲಿ, ತಮ್ಮ ಹೇಳಿಕೆ ಏನೂ ಇಲ್ಲವೆಂದು ಭಾವಿಸಿ ಮುಂದಿನ ಕ್ರಮ

ಇಷ್ಟು ಬರೆದು ಟೀ ಕುಡಿಯಲು ಎದ್ದಿದ್ದೆ. ಅಷ್ಟರಲ್ಲಿ ಮೆಕ್ಯಾನಿಕ್ ಬಂದ. ಅವನನ್ನು ವಿಚಾರಣಾಧಿಕಾರಿ ಎಂದು ತಿಳಿಯುವುದು. ನನ್ನ ಕಾಲನ್ನು ಅವನು ನೋಡಲೂ ಇಲ್ಲ. ಇಂಜಿನ್ ಪಕ್ಕದ ಮುಚ್ಚಳ ಬಿಚ್ಚಿ, ಟಾರ್ಚ್ ಬಿಟ್ಟು, ಪಾಯಿಂಟಿನ ನಡುವೆ ಫೀಲರ್ ಗೇಜ್ ತೂರಿಸಿ, ನಿಧಾನಕ್ಕೆ ತಲೆಯೆತ್ತಿದ.

‘ಸಾರ್, ಈ ಗ್ಯಾಪ್ ಯಾರು ಇಟ್ಟಿದ್ದು?’

0.4 ಮಿ.ಮೀ. ಇರಬೇಕಾದ ಗ್ಯಾಪು ಅದು. ಶನಿವಾರ ಸಂಜೆ ಗೇಜ್ ಸಿಗದೆ, ವಿಸಿಟಿಂಗ್ ಕಾರ್ಡೊಂದನ್ನು ಎರಡು ಮಡಿಕೆ ಮಾಡಿ ನಡುವೆ ಇಟ್ಟು ಸ್ಕ್ರೂ ಬಿಗಿ ಮಾಡಿದವನು ನಾನೇ. ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಪಿಸ್ಟನ್ ಮೇಲಕ್ಕೆ ಮುಟ್ಟುವ ಮೊದಲೇ ಕಿಡಿ ಹಾರುತ್ತದೆ, ಹೊತ್ತಿಕೊಂಡ ಗ್ಯಾಸು ಏರಿ ಬರುತ್ತಿರುವ ಪಿಸ್ಟನ್ನನ್ನು ಬಂದ ದಾರಿಯಲ್ಲೇ ಅಟ್ಟುತ್ತದೆ. ಆ ಏಟು ಬರುವುದು ಒದ್ದವನ ಕಾಲಿಗೆ. ‘ನಿಮ್ಮ ಪುಣ್ಯ, ಉಲ್ಟಾ ಸ್ಟಾರ್ಟ್ ಆಗಲಿಲ್ಲ’ ಅಂದ. ಟೂ-ಸ್ಟ್ರೋಕ್ ಇಂಜಿನ್ ಹಿಮ್ಮುಖವಾಗಿಯೂ ತಿರುಗಬಲ್ಲದು. ಆಗ ಫಸ್ಟ್ ಗೇರ್ ಹಾಕಿದರೆ ಗಾಡಿ ಹಿಂದಕ್ಕೆ ಹೋಗುತ್ತದೆ. ನಮ್ಮ ಕಚೇರಿಯ ಎಷ್ಟೋ ಕಡತಗಳು ನನಗೆ ಆಗ ಅರ್ಥವಾದವು.

ಅವನು ಗ್ಯಾಪ್ ಸರಿ ಮಾಡಿ, ಎಮರಿ ಪೇಪರಿನಲ್ಲಿ ಪಾಯಿಂಟ್ ಉಜ್ಜಿ, ಪ್ಲಗ್ಗಿನ ಕಾರ್ಬನ್ ತೆಗೆದು ಒಂದೇ ಒಂದು ಕಿಕ್ ಹೊಡೆದ. ಡಬಲ್ ಸೈಲೆನ್ಸರ್ ಬೀದಿಗೆಲ್ಲ ಕೇಳುವ ಹಾಗೆ ಶುರುವಾಯಿತು. ವಾಕಿಂಗ್ ಹಿರಿಯರಲ್ಲಿ ಒಬ್ಬರು ಚಪ್ಪಾಳೆ ತಟ್ಟಿದ್ದು ಅವನಿಗೋ ತಮಗೋ ಗೊತ್ತಾಗಲಿಲ್ಲ.

ಹೀಗಿದ್ದರೂ ನೋಟಿಸ್ ಹಿಂಪಡೆದಿದೆ ಎಂದು ಬರೆಯಲು ಕೈ ಬರುತ್ತಿಲ್ಲ. ಮೂವತ್ತೈದು ವರ್ಷದ ಸರ್ವೀಸಿನಲ್ಲಿ ಹೊರಡಿಸಿದ ನೋಟಿಸನ್ನು ಹಿಂಪಡೆದ ಉದಾಹರಣೆ ಇಲ್ಲ. ಸದರಿ ವಿಷಯ ಪರಿಶೀಲನೆಯಲ್ಲಿದೆ ಎಂದು ತಿಳಿಯತಕ್ಕದ್ದು.

ತಮ್ಮ ವಿಶ್ವಾಸಿ,
(ಸಹಿ)

ಪ್ರತಿಗಳು: ಮೆಕ್ಯಾನಿಕ್‌ಗೆ, ಬಾಕಿ 50 ರೂಪಾಯಿಯೊಂದಿಗೆ. ಎದುರುಮನೆಯವರಿಗೆ, ಎಡಗಾಲಿನ ಚಪ್ಪಲಿ ಹಿಂದಿರುಗಿಸುವ ಕೋರಿಕೆಯೊಂದಿಗೆ.