ವೆನಿಸ್‌ನಲ್ಲಿ ದಂಪತಿಯ ವೀಕ್ಷಣ-ಭಕ್ಷಣ ಪ್ರಕ್ರಿಯೆ: ಒಂದು ತಾತ್ವಿಕ ಅನುಸಂಧಾನ

1. ಪ್ರಸ್ತಾವನೆ

ಪ್ರಸ್ತುತ ಪ್ರಬಂಧವು ರಜೆ ಹಾಕಿ ವೆನಿಸ್ ನಗರಕ್ಕೆ ತೆರಳುವ ದಂಪತಿಯ ನೋಟ ಮತ್ತು ಊಟಗಳ ನಡುವಣ ದ್ವಂದ್ವಾತ್ಮಕ ಸಂಬಂಧವನ್ನು ಬಹುಶಿಸ್ತೀಯ ನೆಲೆಯಲ್ಲಿ ಮುಖಾಮುಖಿಯಾಗಿಸುವ, ಮುರಿದು ಕಟ್ಟುವ, ಸಾಧ್ಯವಾದಷ್ಟೂ ಅರ್ಥವಾಗದಂತೆ ಮಾಡುವ ಪ್ರಯತ್ನವಾಗಿದೆ. ಫೋನಿನ ಪರದೆಯಲ್ಲಿ ಕಂಡದ್ದನ್ನು ನೋಟವೆಂದೂ, ಫೋಟೊ ತೆಗೆಯುವಷ್ಟರಲ್ಲಿ ತಣ್ಣಗಾದದ್ದನ್ನು ಊಟವೆಂದೂ ಗ್ರಹಿಸಲಾಗಿದೆ. ಕಾಲುನೋವು ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

2. ನಾಯಕ-ನಾಯಿಕಾ ಭೇದ

ಲಾಕ್ಷಣಿಕರ ಪ್ರಕಾರ ನಾಯಕರು ನಾಲ್ಕು ಬಗೆ.

2.1 ಧೀರೋದಾತ್ತ: ನಕ್ಷೆ ಹಿಡಿದವನು. ಓಣಿ ಹೋಗಿ ಕಾಲುವೆಯ ನೀರಿನಲ್ಲಿ ಮುಗಿದರೂ ಇದೇ ದಾರಿ ಎನ್ನುವವನು. ಇವನನ್ನು ಉದ್ದೇಶಿಸಿ ನಾಯಿಕೆಯು “ಯಾರನ್ನಾದ್ರೂ ಕೇಳ್ರೀ” ಎಂಬ ಏಕವಾಕ್ಯ ಮಹಾಕಾವ್ಯವನ್ನು ಪ್ರತಿ ಸೇತುವೆಯ ಮೇಲೂ ಪಠಿಸುತ್ತಾಳೆ.

2.2 ಧೀರಲಲಿತ: ಗೊಂಡೋಲಾ ಹತ್ತುವವನು. ಹಗಲು ಹೊತ್ತಿನ ಅರ್ಧ ಗಂಟೆಗೆ 90 ಯೂರೊ ಎಂಬ ಅಧಿಕೃತ ದರವನ್ನು ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸುವಾಗ ಇವನಲ್ಲಿ ಶೃಂಗಾರವು ಕರುಣಕ್ಕೆ ಪಲ್ಲಟಗೊಳ್ಳುತ್ತದೆ. ಅಂಬಿಗನಿಂದ ಇವನು ಹಾಡಿಸಬಯಸುವ ‘ಓ ಸೋಲೆ ಮಿಯೊ’ 1898ರ ಹಾಡು, ನೇಪಲ್ಸ್‌ನ ನುಡಿಯದು. ವೆನಿಸ್ಸಿಗೂ ಅದಕ್ಕೂ ನಂಟಿಲ್ಲ. ನಿಟ್ಟುಸಿರಿನ ಸೇತುವೆಯ ಕೆಳಗೆ ಮುತ್ತಿಟ್ಟರೆ ಪ್ರೇಮ ಅಮರವೆಂಬ ನಂಬಿಕೆಯೂ ಇವನದೇ. ಆ ಸೇತುವೆಯನ್ನು ಕಟ್ಟಿದ್ದು ಕೈದಿಗಳನ್ನು ಅರಮನೆಯ ವಿಚಾರಣಾ ಕೋಣೆಯಿಂದ ಸೆರೆಮನೆಗೆ ಸಾಗಿಸಲು. ದಾಂಪತ್ಯ ಮೀಮಾಂಸಕರಿಗೆ ಇದರಲ್ಲಿ ವಿರೋಧಾಭಾಸವೇನೂ ಕಂಡಿಲ್ಲ.

2.3 ಧೀರಶಾಂತ: ಕೂರಲು ಜಾಗ ಸಿಕ್ಕಿದಲ್ಲಿ ಕೂತುಬಿಡುವವನು.

2.4 ಧೀರೋದ್ಧತ: ಇವನನ್ನು ವಿಮಾನದಲ್ಲೇ ನೋಡಿರುತ್ತೀರಿ. ನಾಯಿಕೆಯರಲ್ಲಿ ಎಂಟು ಬಗೆ; ಎಂಟೂ ಬಗೆಯವರು ಪೆಟ್ಟಿಗೆಯೆತ್ತಿ ಮೆಟ್ಟಿಲು ಹತ್ತಿಳಿದು ಸುಸ್ತಾಗಿರುವುದರಿಂದ ವರ್ಗೀಕರಣವನ್ನು ಇಲ್ಲಿಗೇ ಕೈಬಿಡಲಾಗಿದೆ.

3. ಭಕ್ಷಣ ಮೀಮಾಂಸೆ

ವೆನಿಸ್ಸಿನವರು ವೈನಿನ ಜೊತೆ ನೆಂಚಿಕೊಳ್ಳುವ ‘ಚಿಕೆಟ್ಟಿ’ ಎಂಬ ಪುಟ್ಟ ತಿನಿಸುಗಳಲ್ಲಿ ಮೀನಿನದೇ ಆಳ್ವಿಕೆ: ಒಣಮೀನನ್ನು ಎಣ್ಣೆ ಹಾಕಿ ನುಣ್ಣಗೆ ಕಡೆದದ್ದು, ಈರುಳ್ಳಿ-ವಿನೆಗರಿನಲ್ಲಿ ನೆನೆದ ಬೂತಾಯಿ. ಸಸ್ಯಾಹಾರಿ ದಂಪತಿ ಇವಕ್ಕೆ ದೂರದಿಂದಲೇ ಕೈಮುಗಿದು, ಪಾಸ್ತಾದ ಮೇಲೆ ಧಾರಾಳವಾಗಿ ಪಾರ್ಮೆಜಾನ್ ಗಿಣ್ಣು ಉದುರಿಸಿಕೊಳ್ಳುತ್ತಾರೆ. ಆ ಗಿಣ್ಣಿಗೆ ಹಾಲನ್ನು ಗಟ್ಟಿಯಾಗಿಸುವುದು ಕರುವಿನ ಜಠರದ ರಸ. ಈ ಸಂಗತಿಯನ್ನು ಅಡಿಟಿಪ್ಪಣಿಯಲ್ಲಿ ಅಡಗಿಸಬೇಕಿತ್ತು, ಅಡಿಟಿಪ್ಪಣಿಗೆ ಜಾಗವಿಲ್ಲ.

ಕೌಂಟರಿನ ಬಳಿ ನಿಂತು ಕುಡಿದ ಕಾಫಿಗೆ ಒಂದು ಬೆಲೆ, ಕುರ್ಚಿಗೆ ಒರಗಿದರೆ ಇನ್ನೊಂದು, ಸಂತ ಮಾರ್ಕನ ಚೌಕದಲ್ಲಿ ವಾದ್ಯ ನುಡಿಯುತ್ತಿದ್ದರೆ ಕಿವಿಗೂ ಬಿಲ್ಲು. ದರ್ಶಿನಿಗಳಲ್ಲಿ ನಿಂತೇ ಪಳಗಿದ ಬೆಂಗಳೂರಿನ ದಂಪತಿ ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತಾರೆ. ಹಾಗೆಂದು ಚೌಕದ ಮೆಟ್ಟಿಲ ಮೇಲೆ ಕೂತು ಚಪಾತಿ-ಚಟ್ನಿಪುಡಿಯ ಡಬ್ಬಿ ಬಿಚ್ಚುವಂತಿಲ್ಲ, ದಂಡ ಬೀಳುತ್ತದೆ.

4. ಅಪ್ಪಟತೆಯ ಅನ್ವೇಷಣೆ

ಮೂರನೆಯ ದಿನದ ಹೊತ್ತಿಗೆ ದಂಪತಿಗೆ ‘ನಿಜವಾದ ವೆನಿಸ್’ ಬೇಕೆನಿಸುತ್ತದೆ. ಊರವರು ಉಣ್ಣುವಲ್ಲೇ ಉಣ್ಣಬೇಕು. ವಿಚಾರ ಸಂಕಿರಣಗಳಲ್ಲಿ ಇದಕ್ಕೆ ‘ಸ್ಥಳೀಯತೆಯೊಂದಿಗಿನ ಅನುಭಾವಾತ್ಮಕ ಸಂವಾದ’ ಎಂದು ಹೆಸರು. ಸಂವಾದಕ್ಕೆ ಊರವರು ಬೇಕಲ್ಲ? 1951ರಲ್ಲಿ ಹಳೆಯ ನಗರದಲ್ಲಿ ಸುಮಾರು 1,75,000 ಜನರಿದ್ದರು. 2022ರಲ್ಲಿ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಮರುವರ್ಷ ಪ್ರವಾಸಿಗರ ಹಾಸಿಗೆಗಳೇ ನಿವಾಸಿಗಳಿಗಿಂತ ಹೆಚ್ಚಾದವು. ರಿಯಾಲ್ಟೊ ಸೇತುವೆಯ ಬಳಿಯ ಔಷಧಿ ಅಂಗಡಿಯೊಂದು 2008ರಿಂದ ಉಳಿದವರ ಲೆಕ್ಕವನ್ನು ತನ್ನ ಗಾಜಿನ ಕಿಟಕಿಯಲ್ಲಿ ತೋರಿಸುತ್ತ ಬಂದಿದೆ. ಅದೂ ಈಗ ನೋಡಲೇಬೇಕಾದ ಸ್ಥಳ.

ಪಂಡಿತರು ಇದನ್ನು ‘ನಗರಾವಕಾಶದ ಮರುವಿನ್ಯಾಸ’ ಎಂದು ಕರೆದು, ಮಧ್ಯಾಹ್ನದ ಊಟಕ್ಕೆ ಎದ್ದು ಹೋಗುತ್ತಾರೆ. ಯಾವ ಮರುವಿನ್ಯಾಸ, ಸ್ವಾಮಿ? ಅಜ್ಜಿ ಬಾಳಿದ ಮನೆಯಲ್ಲಿ ಮೊಮ್ಮಗಳು ಬಾಡಿಗೆ ಕೊಟ್ಟು ಇರಲಾಗದೆ ದಡದಾಚೆಯ ಮೆಸ್ತ್ರೆಗೆ ಹೋಗುತ್ತಾಳೆ. ಬೆಳಿಗ್ಗೆ ಅದೇ ಊರಿಗೆ ಬಂದು ಹೋಟೆಲಿನ ಹಾಸಿಗೆ ಮಡಚುತ್ತಾಳೆ. ತರಕಾರಿ ಅಂಗಡಿಯಿದ್ದಲ್ಲಿ ಮುಖವಾಡದ ಅಂಗಡಿ ಬರುತ್ತದೆ. ಮಕ್ಕಳಿಲ್ಲದೆ ಶಾಲೆ ಸೊರಗುತ್ತದೆ. ಇದಕ್ಕೆ ಕನ್ನಡದಲ್ಲಿ ಒಕ್ಕಲೆಬ್ಬಿಸುವುದು ಎನ್ನುತ್ತಾರೆ.

5. ಉಪಸಂಹಾರ

ವರ್ಷಗಟ್ಟಲೆ ದುಡ್ಡು ಕೂಡಿಟ್ಟು, ಒಮ್ಮೆ ಕಣ್ತುಂಬ ನೋಡೋಣವೆಂದು ಬಂದ ದಂಪತಿಯನ್ನು ಬೈದು ಫಲವಿಲ್ಲ. ಅವರು ಹೋಗದಿದ್ದರೂ ಆ ಕೋಣೆಗೆ ಬೇರೊಬ್ಬರು ಬರುತ್ತಾರೆ. 2024ರ ಏಪ್ರಿಲ್ 25ರಿಂದ ನಗರಾಡಳಿತ ಕೆಲವು ದಿನಗಳಲ್ಲಿ, ರಾತ್ರಿ ತಂಗದೆ ಹೋಗುವವರಿಂದ 5 ಯೂರೊ ಪ್ರವೇಶ ಶುಲ್ಕ ವಸೂಲಿ ಮಾಡತೊಡಗಿತು. ಊರಿಗೇ ಟಿಕೆಟ್! ಟಿಕೆಟ್ ಕೊಂಡವನಿಗೆ ಊರು ಪ್ರದರ್ಶನವಾಗಿಯೇ ಕಾಣುತ್ತದೆ. ಅಲ್ಲಿ ಬಟ್ಟೆ ಒಣಹಾಕುವ ಹೆಂಗಸೂ ಪ್ರದರ್ಶನದ ಭಾಗವಾಗುತ್ತಾಳೆ.

ಉಕ್ಕೇರುವ ಸಮುದ್ರವನ್ನು ತಡೆಯಲು ವೆನಿಸ್ಸನ್ನು ಸುತ್ತುವರಿದ ಹಿನ್ನೀರಿನ ಬಾಯಿಗಳಿಗೆ 78 ಉಕ್ಕಿನ ಬಾಗಿಲು ಹೂಡಲಾಗಿದೆ. 2020ರಿಂದ ಅವು ಎದ್ದು ನಿಂತು ನೀರನ್ನು ಹಿಡಿದಿವೆ. ಅಷ್ಟು ದುಡ್ಡು, ಅಷ್ಟು ಬುದ್ಧಿ ಇದ್ದ ಊರಿಗೆ ಬಾಡಿಗೆಯ ಏರಿಕೆಗೆ ಒಂದು ಬಾಗಿಲು ಹಾಕಲಾಗಲಿಲ್ಲ. ನೀರಿಗೆ ಹೆದರಿದವರು ದುಡ್ಡಿಗೆ ಹೆದರಲಿಲ್ಲ. ದುಡಿದು ತಿನ್ನುವವನಿಗೆ ವಾಸಕ್ಕೊಂದು ಮನೆ ಸಿಗುವ ತನಕ ಎಷ್ಟು ಗೋಪುರ ಉಳಿಸಿಕೊಂಡರೂ ಊರು ಉಳಿದಂತಲ್ಲ. ಈ ಮಾತಿಗೆ ತಾತ್ವಿಕ ಚೌಕಟ್ಟಿಲ್ಲವೆಂದು ಪರೀಕ್ಷಕರು ಪದವಿ ತಡೆಹಿಡಿಯುವುದಾದರೆ, ಧಾರಾಳವಾಗಿ ತಡೆಹಿಡಿಯಲಿ.