ನಮ್ಮ ಬ್ರಾಂಚಿನ ಡಾಕ್ಟರು

ದಾವಣಗೆರೆಯ ನಮ್ಮ ಬ್ರಾಂಚಿನಲ್ಲಿ "ಡಾಕ್ಟ್ರೇ" ಎಂದು ಕೂಗಿದರೆ ಶಿಕ್ಷಣ ಸಾಲದ ಟೇಬಲ್ಲಿನಿಂದ ಒಂದು ತಲೆ ಮೇಲೇಳುತ್ತದೆ. ವಯಸ್ಸು 37. ಓದಿದ್ದು ಬಿ.ಎಸ್ಸಿ., ಹುದ್ದೆ ಸಾಲ ವಿಭಾಗದ ಆಫೀಸರು, ಗುರಿ ಎಂಬಿಬಿಎಸ್. ಪಿಂಚಣಿ ತೆಗೆದುಕೊಳ್ಳಲು ಬರುವ ಅಜ್ಜಂದಿರು ಶುಗರ್ ರಿಪೋರ್ಟನ್ನು ಪಾಸ್‌ಬುಕ್ಕಿನೊಳಗೆ ಮಡಚಿಟ್ಟುಕೊಂಡು ಇವರ ಮುಂದೆಯೇ ಕೂರುತ್ತಾರೆ. "ಇನ್ನೂ ಸೀಟ್ ಆಗಿಲ್ಲ ಯಜಮಾನ್ರೇ, ಸ್ವಲ್ಪ ತಡ್ಕೊಳ್ಳಿ" ಎನ್ನುವಷ್ಟು ಪ್ರಾಮಾಣಿಕರು ನಮ್ಮ ಡಾಕ್ಟರು. ಆದರೂ ಇನ್ಸುಲಿನ್ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಹೇಳದೆ ಯಾರನ್ನೂ ಕಳಿಸಿದ್ದಿಲ್ಲ.

ಇಂಥವರು ಈಗ ಊರಿಗೊಬ್ಬರು ಸಿಗುತ್ತಾರೆ. ಸಾಫ್ಟ್‌ವೇರ್ ಕಂಪನಿಯಲ್ಲಿ ಒಬ್ಬರು, ಔಷಧಿ ಕಂಪನಿಯ ರೆಪ್ ಆಗಿ ಒಬ್ಬರು, ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಮತ್ತೊಬ್ಬರು. ಗುರುತು ಹಿಡಿಯುವುದು ಕಷ್ಟವಲ್ಲ. ಬ್ಯಾಗಿನಲ್ಲಿ ಬೈಂಡು ಕಿತ್ತುಹೋದ ಎನ್‌ಸಿಇಆರ್‌ಟಿ ಬಯಾಲಜಿ, ಕಿವಿಯಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ಓಡುವ ಪಾಠ, ಬಾಯಲ್ಲಿ "ಈ ಸಲ ಸೀರಿಯಸ್ಸಾಗಿ" ಎಂಬ ಮಾತು. ಹೋದ ಸಲ ಏನಾಗಿತ್ತು ಎಂದು ಕೇಳಬಾರದು. ಹೋದ ಸಲವೂ ಸೀರಿಯಸ್ಸೇ.

ಡಾಕ್ಟರ ಪೂರ್ವಕಥೆ 2006ರ ಸಿಇಟಿಯದು. ಪಿಯುಸಿಯಲ್ಲಿ ಪಿಸಿಎಂಬಿ. ಆಗ ಪಿಯುಸಿಯ ಅರ್ಧ, ಸಿಇಟಿಯ ಅರ್ಧ ಸೇರಿಸಿ ರ‍್ಯಾಂಕ್ ಕೊಡುತ್ತಿದ್ದರು. ಒಂದೊಂದು ವಿಷಯಕ್ಕೆ 60 ಪ್ರಶ್ನೆ, ತಪ್ಪಾದರೆ ಕಳೆಯುವವರಿಲ್ಲ, ಗೊತ್ತಿಲ್ಲದಿದ್ದರೆ ಮನೆದೇವರ ಹೆಸರು ಹೇಳಿ ಒಂದು ಗುಂಡಿ ತುಂಬಿದರಾಯಿತು. ಅರ್ಧ ಮಾರ್ಕಿನಲ್ಲಿ ಸೀಟು ತಪ್ಪಿತು ಎಂದು ಇವರು ಹೇಳುತ್ತಾರೆ. ಇವರ ತಾಯಿ ಕಾಲು ಮಾರ್ಕು ಎನ್ನುತ್ತಾರೆ. ಆಮೇಲೆ ನೀಟ್ ಬಂತು, ಅದಕ್ಕೆ ಸಾಮಾನ್ಯ ವರ್ಗದವರಿಗೆ 25ರ ವಯೋಮಿತಿ ಬಂತು. ಸದ್ಯ ಆ ಗೀಳು ಮುಗಿಯಿತು ಎಂದು ಮನೆಮಂದಿ ನಿಟ್ಟುಸಿರು ಬಿಟ್ಟರು. ಬ್ಯಾಂಕ್ ಕೆಲಸವಾಯಿತು, ಮದುವೆಯಾಯಿತು, ಮಗಳಾದಳು, ಮನೆ ಸಾಲವಾಯಿತು. ಎಲ್ಲ ಒಂದು ಹದಕ್ಕೆ ಬಂತು ಎನ್ನುವಾಗ, 2022ರ ಮಾರ್ಚ್‌ನಲ್ಲಿ, ಗರಿಷ್ಠ ವಯೋಮಿತಿಯನ್ನೇ ತೆಗೆದುಹಾಕಿದ್ದೇವೆ ಎಂಬ ಪ್ರಕಟಣೆ ಹೊರಟಿತು. ದಾವಣಗೆರೆಯ ಒಂದು ಸಂಸಾರದ ನೆಮ್ಮದಿ ಕೆಡಿಸುವ ಉದ್ದೇಶ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ಖಂಡಿತ ಇದ್ದಿರಲಾರದು.

ಹೆಂಡತಿ ವಯಸ್ಸಿನ ಮಾತೆತ್ತಿದರೆ ಡಾಕ್ಟರ ಬಳಿ ಉತ್ತರ ಸಿದ್ಧವಿದೆ. 2020ರಲ್ಲಿ ಒಡಿಶಾದಲ್ಲಿ 64 ವರ್ಷದ ನಿವೃತ್ತರೊಬ್ಬರು ನೀಟ್ ಪಾಸಾಗಿ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಸೇರಿದರು. "ಅವರೂ ಬ್ಯಾಂಕಿನವರೇ!" ಎಂಬುದನ್ನು ಡಾಕ್ಟರು ಒತ್ತಿ ಹೇಳುತ್ತಾರೆ. "ಅವ್ರು ರಿಟೈರಾದ್ಮೇಲೆ ಓದಿದ್ರು ರೀ" ಎಂಬುದನ್ನು ಹೆಂಡತಿ ಅದಕ್ಕಿಂತ ಒತ್ತಿ ಹೇಳುತ್ತಾರೆ.

ಓದಿಗೆ ಹೊತ್ತು ಎಲ್ಲಿಂದ? ಬೆಳಗಿನ ನಾಲ್ಕೂವರೆಗೆ ಅಲಾರಂ ಹೊಡೆಯುತ್ತದೆ, ಹೆಂಡತಿ ಏಳುತ್ತಾರೆ. ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ, ಮನೆಯಲ್ಲಿ ಮಾಕ್ ಟೆಸ್ಟ್. ನಾಲ್ಕನೇ ಕ್ಲಾಸಿನ ಮಗಳೇ ಮೇಲ್ವಿಚಾರಕಿ. ಅಪ್ಪ ನೀರು ಕುಡಿಯಲು ಎದ್ದರೂ ಹಿಂದೆಯೇ ಹೋಗಿ ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಾಳೆ. ಬ್ರಾಂಚಿನಲ್ಲಿ ಸರ್ವರ್ ಡೌನ್ ಆದರೆ ಗಿರಾಕಿಗಳು ಗೊಣಗುತ್ತಾರೆ, ಮ್ಯಾನೇಜರು ತಲೆ ಚಚ್ಚಿಕೊಳ್ಳುತ್ತಾರೆ. ಡಾಕ್ಟರು ಮಾತ್ರ ಡ್ರಾಯರ್ ಎಳೆದು ಸಸ್ಯಶಾಸ್ತ್ರಕ್ಕೆ ಇಳಿಯುತ್ತಾರೆ. ವಿಧಿಯಾಟವೆಂದರೆ ಪರೀಕ್ಷೆ ಮೇ ತಿಂಗಳ ಮೊದಲ ಭಾನುವಾರ. ಉಳಿದವರೆಲ್ಲ ಕೊನೆಯ ರಿವಿಷನ್ ಮಾಡುವಾಗ ಇವರಿಗೆ ಮಾರ್ಚ್ ಎಂಡಿಂಗು, ಅದು ಮುಗಿಯುತ್ತಲೇ ಆಡಿಟ್ಟು. ಜೆಎಐಐಬಿ ಎಂಬ ಬ್ಯಾಂಕಿಂಗ್ ಪರೀಕ್ಷೆ ಪಾಸಾದರೆ ಒಂದು ಇಂಕ್ರಿಮೆಂಟ್ ಸಿಗುತ್ತದೆ. ಅದಕ್ಕೆ ಓದಲು ತಮಗೆ ಟೈಮೆಲ್ಲಿದೆ ಎಂಬುದು ಡಾಕ್ಟರ ಪ್ರಶ್ನೆ.

ಓದಿದ್ದೆಲ್ಲ ದಕ್ಕುತ್ತದೆಂದೂ ಇಲ್ಲ. ಜೀರ್ಣಕ್ರಿಯೆಯ ಪಾಠವನ್ನು ಒಂದು ಮಳೆಗಾಲವಿಡೀ ಅರೆದು ಕುಡಿದಿದ್ದರು. 2024ರ ಪಠ್ಯಕ್ರಮದಲ್ಲಿ ಆ ಪಾಠವನ್ನೇ ಕೈಬಿಟ್ಟರು. ವಾರವೆಲ್ಲ ಡಾಕ್ಟರಿಗೆ ಊಟ ಸೇರಲಿಲ್ಲ.

ಅಂಕದ ಲೆಕ್ಕ ಇವರ ಸಂಸಾರಕ್ಕೂ ಇಳಿದಿದೆ. ನೀಟಿನಲ್ಲಿ ಸರಿ ಉತ್ತರಕ್ಕೆ ನಾಲ್ಕು, ತಪ್ಪಿಗೆ ಮೈನಸ್ ಒಂದು, ಬಿಟ್ಟರೆ ಸೊನ್ನೆ. "ನಿಮ್ಮ ಅಮ್ಮ ಹೇಳಿದ್ದು ಸರೀನಾ, ನಾನು ಹೇಳಿದ್ದು ಸರೀನಾ?" ಎಂದು ಹೆಂಡತಿ ಕೇಳಿದರೆ ಡಾಕ್ಟರು ಪ್ರಶ್ನೆ ಬಿಡುತ್ತಾರೆ. ನೆಗೆಟಿವ್ ಮಾರ್ಕಿಂಗಿನಿಂದ ಒಂದು ದಾಂಪತ್ಯವಾದರೂ ಉಳಿದಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇವರನ್ನು ಶಿಕ್ಷಣ ಸಾಲದ ಟೇಬಲ್ಲಿಗೆ ಕೂರಿಸಿದವರು ಯಾರೋ, ಅವರಿಗೆ ಹಾಸ್ಯಪ್ರಜ್ಞೆ ಇತ್ತು. ಸೀಟು ಸಿಕ್ಕ ಮಕ್ಕಳೆಲ್ಲ ಇವರ ಸಹಿಗೇ ಬರಬೇಕು. ಒಂದು ಶುಕ್ರವಾರ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಹುಡುಗಿಯ ಕೈಯಲ್ಲಿ ಕೆಇಎ ಕೊಟ್ಟ ಸೀಟು ಹಂಚಿಕೆ ಪತ್ರ, ಸರ್ಕಾರಿ ಕಾಲೇಜು. ಡಾಕ್ಟರು ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಓದಿದರು. ಆಧಾರ್ ಕೇಳಲಿಲ್ಲ, ಪಹಣಿ ಕೇಳಲಿಲ್ಲ.

"ಫಿಸಿಕ್ಸ್ ಎಷ್ಟು ಬಂತಮ್ಮ?"

ಹುಡುಗಿ ಹೇಳಿದಳು. ಡಾಕ್ಟರು ಕುರ್ಚಿ ಮುಂದಕ್ಕೆಳೆದುಕೊಂಡರು.

"ರೊಟೇಶನಲ್ ಮೋಷನ್ ಹೆಂಗ್ ಓದಿದೆ?"

ಹುಡುಗಿ ಅಪ್ಪನ ಮುಖ ನೋಡಿದಳು. ಅಪ್ಪ "ಸಾಹೇಬ್ರು ಕೇಳ್ತಾರೆ, ಹೇಳು" ಎಂದರು. ಅವಳು ಚಲನ್ ಹಿಂದೆ ಚಿತ್ರ ಬರೆಯಲು ಹೊರಟಳು, ಡಾಕ್ಟರ ತಲೆಗೆ ಹೋಗಲಿಲ್ಲ. ಕೊನೆಗೆ ಅವಳೇ ಒಂದು ದಪ್ಪ ಲೋನ್ ಫೈಲನ್ನು ಓರೆಯಾಗಿ ನಿಲ್ಲಿಸಿ, ಟೇಬಲ್ಲಿನ ಮೇಲಿದ್ದ ಸೆಲ್ಲೊ ಟೇಪಿನ ಉರುಳೆಯನ್ನು ಒಂದು ಕೈಗೆ, ಲಕ್ಷ್ಮಿ ಫೋಟೋದ ಮುಂದೆ ಇಟ್ಟಿದ್ದ ನಿಂಬೆಹಣ್ಣನ್ನು ಇನ್ನೊಂದು ಕೈಗೆ ತೆಗೆದುಕೊಂಡಳು. "ಎರಡನ್ನೂ ಒಟ್ಟಿಗೆ ಬಿಟ್ರೆ ಯಾವ್ದು ಮೊದ್ಲು ಸಾರ್?"

"ಯಾವ್ದು ಭಾರ ಇದ್ಯೋ ಅದು" ಎಂದರು ಡಾಕ್ಟರು. ಮೈನಸ್ ಒಂದು.

"ತೂಕ ಲೆಕ್ಕಕ್ಕೇ ಬರಲ್ಲ ಸಾರ್. ರಿಂಗಿನ ತೂಕ ಎಲ್ಲಾ ಅಂಚಲ್ಲಿದೆ, ಅದಕ್ಕೆ ನಿಧಾನ. ನಿಂಬೆಹಣ್ಣೇ ಮೊದ್ಲು."

ಬಿಟ್ಟಳು. ನಿಂಬೆಹಣ್ಣು ಮೊದಲು ಇಳಿಯಿತು, ಟೇಬಲ್ ದಾಟಿತು, ಕ್ಯಾಷಿಯರ್ ಕಾಲಡಿ ಸೇರಿತು. ಕ್ಯೂನಲ್ಲಿದ್ದವರೆಲ್ಲ ಬಗ್ಗಿ ನೋಡಿದರು. ಮ್ಯಾನೇಜರು ಕ್ಯಾಬಿನ್ನಿಂದ ಹೊರಬಂದರು. ಅಡಿಕೆ ಬೆಳೆಗಾರರು ಮೆಲ್ಲಗೆ ಕೇಳಿದರು: "ಸಾಹೇಬ್ರೇ, ಲೋನಿಗೆ ನಿಂಬೆಹಣ್ಣೂ ಬೇಕಾ?"

ಆ ಸಾಲ ಮಂಜೂರಾದಷ್ಟು ಬೇಗ ನಮ್ಮ ಬ್ರಾಂಚಿನಲ್ಲಿ ಇನ್ಯಾವುದೂ ಆಗಿದ್ದಿಲ್ಲ.

ಫಲಿತಾಂಶದ ವಿಚಾರ ಹೇಳಿಬಿಡುತ್ತೇನೆ. 2024ರ ನೀಟ್ ಫಲಿತಾಂಶ ಬಂದದ್ದು ಜೂನ್ 4ರಂದು, ಲೋಕಸಭೆ ಚುನಾವಣೆಯ ಎಣಿಕೆಯ ದಿನವೇ. ಬ್ರಾಂಚೆಲ್ಲ ಮೊಬೈಲಿನಲ್ಲಿ ಲೀಡು ನೋಡುತ್ತಿದ್ದಾಗ ಡಾಕ್ಟರೊಬ್ಬರೇ ತಮ್ಮ ಕ್ಷೇತ್ರದ ಎಣಿಕೆಯಲ್ಲಿದ್ದರು. ಮಾರ್ಕ್ಸ್ ಜಾಸ್ತಿಯಾಗಿತ್ತು. ಆದರೆ ಆ ವರ್ಷ ಎಲ್ಲರಿಗೂ ಜಾಸ್ತಿಯಾಗಿ ರ‍್ಯಾಂಕ್ ಪಾತಾಳಕ್ಕಿಳಿಯಿತು. ಮರುವರ್ಷ ಫಿಸಿಕ್ಸ್ ಎಂಥವರನ್ನೂ ಅಳಿಸಿತು. ಇವರ ಮಾರ್ಕ್ಸ್ ಇಳಿಯಿತು, ರ‍್ಯಾಂಕ್ ಸುಧಾರಿಸಿತು. ಇದೇ ಗತಿಯಲ್ಲಿ ಮಾರ್ಕ್ಸ್ ಇಳಿಸಿಕೊಳ್ಳುತ್ತ ಹೋದರೆ ಸೀಟು ಖಚಿತ ಎಂದು ಕ್ಯಾಷಿಯರ್ ಲೆಕ್ಕ ಹಾಕಿ ತೋರಿಸಿದ. ಸೀಟಿಲ್ಲದಿದ್ದರೂ 'ಕ್ವಾಲಿಫೈ' ಆದ ಪೇಡ ನಮಗೆ ತಪ್ಪುವುದಿಲ್ಲ. 2025ರಲ್ಲಿ ಪರೀಕ್ಷೆ ಬರೆದ 22 ಲಕ್ಷ ಮಂದಿಯಲ್ಲಿ ಕ್ವಾಲಿಫೈ ಆದವರೇ 12 ಲಕ್ಷ, ಎಂಬಿಬಿಎಸ್ ಸೀಟು ಒಂದು ಲಕ್ಷ ಚಿಲ್ಲರೆ. ಪೇಡ ಅಂಗಡಿಯವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಪರೀಕ್ಷೆಯ ದಿನ ಡಾಕ್ಟರನ್ನು ನೋಡಬೇಕು. ತುಂಬುತೋಳಿನ ಇಸ್ತ್ರಿ ಅಂಗಿಯ ಮನುಷ್ಯ ಅರ್ಧ ತೋಳಿನ ಟೀಶರ್ಟು, ಹವಾಯಿ ಚಪ್ಪಲಿಯಲ್ಲಿ ಗೇಟಿನ ಮುಂದೆ. ಮೆಟಲ್ ಡಿಟೆಕ್ಟರ್ ಸೊಂಟದ ಹತ್ತಿರ ಕೀಂ ಎಂದಿತು: ಬೆಳ್ಳಿ ಉಡಿದಾರ. ಅದನ್ನು ಬಿಚ್ಚಿ ಹೊರಗಿದ್ದ ಹೆಂಡತಿಗೆ ಕೊಟ್ಟು ಒಳಗೆ ಹೋದರೆ ರೂಮಿನ ಮೇಲ್ವಿಚಾರಕರು ನಮ್ಮ ಬ್ರಾಂಚಿನಲ್ಲೇ ಪರ್ಸನಲ್ ಲೋನ್ ತೆಗೆದಿದ್ದ ಲೆಕ್ಚರರು. ಇವರನ್ನು ಕಂಡದ್ದೇ ಅವರ ಮುಖ ಬಿಳುಚಿತು. "ಸಾರ್, ಎರಡೇ ಕಂತು ಬಾಕಿ ಇರೋದು. ಭಾನುವಾರ ಇಲ್ಲಿವರೆಗೂ ಬರೋದಾ?"

ಸೀಟೇ ಸಿಕ್ಕಿಬಿಟ್ಟರೆ? ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಸಂಬಳ ನಿಲ್ಲುತ್ತದೆ, ಮನೆ ಸಾಲದ ಕಂತು ನಿಲ್ಲುವುದಿಲ್ಲ. ಇದನ್ನು ನಾನೊಮ್ಮೆ ಕೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ಬಹಳ ಹೊತ್ತು ಯೋಚಿಸಿದರು. ಆ ಪ್ರಶ್ನೆಯನ್ನೂ ಬಿಟ್ಟರು. ನನಗೇನೋ ಅನುಮಾನ, ಈ ಮನುಷ್ಯನಿಗೆ ಬೇಕಿರುವುದು ಸೀಟಲ್ಲ, ಓದು. ಬಡ್ಡಿ, ಬಾಕಿ, ಗ್ಯಾರಂಟರ್ ನಡುವೆ ಒಂದು ಹೂವಿನ ನೀಳಛೇದದ ಚಿತ್ರವನ್ನು ಪೆನ್ಸಿಲ್ಲಿನಲ್ಲಿ ಬರೆದು, ಭಾಗಗಳನ್ನು ಗುರುತಿಸಿ, ದೂರ ಹಿಡಿದು ನೋಡುವಾಗ ಅವರ ಮುಖದಲ್ಲಿರುವ ಕಳೆ ಸಂಬಳದ ದಿನವೂ ಇರುವುದಿಲ್ಲ.

ಮೊನ್ನೆ ಚನ್ನಗಿರಿಯ ಹುಡುಗಿ ಮುಂದಿನ ವರ್ಷದ ಫೀಸಿನ ಕಂತಿಗೆ ಬಂದಿದ್ದಳು. ಬಿಳಿ ಕೋಟು ಮಡಚಿ ಬ್ಯಾಗಿನ ಮೇಲಿಟ್ಟುಕೊಂಡಿದ್ದಳು. ಡಾಕ್ಟರು ಡ್ರಾಯರ್ ಎಳೆದು, ತಿಂಗಳುಗಟ್ಟಲೆ ಕೂಡಿಟ್ಟ ಡೌಟುಗಳ ನೋಟ್‌ಬುಕ್ ತೆಗೆದು ಬಿಚ್ಚಿದರು. ಹುಡುಗಿ ಮೊದಲನೇ ಲೆಕ್ಕ ನೋಡಿ ನಕ್ಕಳು.

"ಅಯ್ಯೋ ಸಾರ್, ಅದೆಲ್ಲ ಮರೆತೇ ಹೋಯ್ತು. ಕಾಲೇಜಲ್ಲಿ ಯಾರೂ ಕೇಳೋದೇ ಇಲ್ಲ."

ಡಾಕ್ಟರು ಮಂಜೂರಾತಿ ಪತ್ರದ ಮೇಲೆ ಎತ್ತಿದ್ದ ಸೀಲನ್ನು ಹಾಗೇ ಹಿಡಿದರು. "ಮರ್ತೋಯ್ತಾ? ರೊಟೇಶನಲ್ ಮೋಷನ್ನಾ?" ಎಂದರು. ಆಮೇಲೆ ಓರೆಯಾಗಿ ನಿಲ್ಲಿಸಲು ಒಂದು ದಪ್ಪ ಫೈಲ್ ಹುಡುಕಿಕೊಂಡು, "ಕೂತ್ಕೋಮ್ಮ, ಹೇಳಿಕೊಡ್ತೀನಿ. ರೀ ಕ್ಯಾಷಿಯರ್ರೇ, ಆ ನಿಂಬೆಹಣ್ಣು ಸ್ವಲ್ಪ ಕೊಡ್ರಿ ಇತ್ಲಾಗೆ" ಎಂದರು.